ನಾಳೆ ಮಂಜು ಬರ್ತದೆ

ಶುಕ್ರವಾರ ಬೆಳಿಗ್ಗೆ ಜಯರಾಜರು ಜಪ ಮುಗಿಸಿ ಕಣ್ಣು ತೆರೆದಾಗ ಹಜಾರದ ಕಿಟಕಿಯ ಮುಂದೆ ಒಂದು ಸಣ್ಣ ಮೂಟೆ ನಿಂತಿತ್ತು. ಮೂಟೆಗೆ ಒಂದರ ಮೇಲೊಂದು ಎರಡು ಸ್ವೆಟರು, ತಲೆಗೆ ಅಪ್ಪನ ಮಂಕಿ ಟೋಪಿ, ಕೈಗಳಿಗೆ ಶಾಲೆಯ ಬಿಳಿ ಸಾಕ್ಸು. ಅದರ ಪಕ್ಕದಲ್ಲಿ ಇನ್ನೂ ಸಣ್ಣದೊಂದು ಮೂಟೆ ಸ್ನಾನದ ಟವೆಲು ಸುತ್ತಿಕೊಂಡು ನೆಲದಲ್ಲಿ ಕೂತು ಬಿಸ್ಕತ್ತು ತಿನ್ನುತ್ತಿತ್ತು. ದೊಡ್ಡದು ಒಂದನೇ ಕ್ಲಾಸಿನ ಮೊಮ್ಮಗಳು ಅಶ್ಮಿತಾ. ಸಣ್ಣದು ಅವಳ ತಮ್ಮ ದೀಕ್ಷಿತ್, ಅಕ್ಕ ಏನು ಮಾಡಿದರೆ ಅದನ್ನು ಬಿಸ್ಕತ್ತಿನ ಸಮೇತ ಮಾಡುವವನು.

“ಎಂತ ವೇಷ ಮಗಾ ಇದು?”

“ಗ್ಲೌಸ್ ಸಿಗ್ಲಿಲ್ಲ ಅಜ್ಜ. ಸಾಕ್ಸ್ ಆದ್ರೂ ಆಗ್ತದಲ್ಲ?”

“ಎಂತಕ್ಕೆ?”

ಅಶ್ಮಿತಾ ಅಜ್ಜನನ್ನು ಕನಿಕರದಿಂದ ನೋಡಿದಳು. “ಇವತ್ತು ಮಂಜು ಬರ್ತದಲ್ಲ! ನೀವೇ ಹೇಳಿದ್ದು. ನಿನ್ನೆ, ತುಳಸಿಯ ಹತ್ರ. ನಾಳೆ ಮಂಜು ಬರ್ತದೆ ಅಂತ.”

ಜಯರಾಜರ ಬೆರಳಲ್ಲಿದ್ದ ಮಣಿ ಅಲ್ಲೇ ನಿಂತಿತು. ಕಿಟಕಿಯ ಹೊರಗೆ ಬಹ್ರೈನಿನ ಸೆಗಯಾದ ಓಣಿ ಎಂದಿನಂತೆಯೇ ಇತ್ತು. ಸಾಲಾಗಿ ನಿಂತ ಕಾರುಗಳು, ಒಂದು ಕಾರಿನ ಮೇಲೆ ಬಿಸಿಲು ಕಾಯುವ ಬೆಕ್ಕು, ತಾರಸಿಗಳ ಮೇಲೆ ನೀರಿನ ಟ್ಯಾಂಕಿಗಳು, ತೊಳೆದು ಬಣ್ಣ ಬಿಟ್ಟಂತಹ ಜನವರಿಯ ಆಕಾಶ. ಚಳಿ ಎಂದರೆ ಒಂದು ಶಾಲು ಹೊದ್ದರೆ ಮುಗಿಯುವಷ್ಟು. ಈ ಆಕಾಶದಿಂದ ಏನು ಬೀಳುವುದಿದ್ದರೂ ಅದು ಧೂಳು ಮಾತ್ರ. ಆದರೆ ಮಣಿ ನಿಂತದ್ದು ಆಕಾಶದ ವಿಚಾರಕ್ಕಲ್ಲ. ಹಾಗಾದರೆ ತಾನು ಹೇಳಿದ್ದು ಕೇಳಿಸಿದೆ. ನಿನ್ನೆ ಬೆಳಗಿನ ಹೊತ್ತು, ಮಕ್ಕಳು ಇನ್ನೂ ಮಲಗಿದ್ದಾರೆಂದು ತಿಳಿದು, ಬಾಲ್ಕನಿಯಲ್ಲಿ ವಾಷಿಂಗ್ ಮೆಷಿನಿನ ಪಕ್ಕ ಪೇಂಟಿನ ಡಬ್ಬಿಯಲ್ಲಿ ಬೆಳೆದ ತುಳಸಿಗೆ ನೀರು ಹಾಕುತ್ತಾ ಅವರು ಬಾಯಿಬಿಟ್ಟು ಹೇಳಿದ್ದರು. ನಾಳೆ ಮಂಜು ಬರ್ತದೆ. ಬಾರದೆ ಎಲ್ಲಿ ಹೋಗ್ತದೆ.

ಮಗುವಿನ ತಪ್ಪು ಏನೂ ಇರಲಿಲ್ಲ. ಶುಕ್ರವಾರ ಸಂಜೆಯ ಕನ್ನಡ ಪಾಠದಲ್ಲಿ ನೀರಜಾಕ್ಷಿ ಟೀಚರ್ ಗೋಡೆಗೆ ಚಿತ್ರಪಟ ತೂಗುಹಾಕಿ ಕಲಿಸುತ್ತಿದ್ದರು. ಅದರಲ್ಲಿ ‘ಮ’ ಅಕ್ಷರಕ್ಕೆ ಮಂಜು, ಮಂಜಿಗೆ ಚಿತ್ರ ಬಿಳಿ ಮಾಡಿನ ಮನೆ, ಬಿಳಿ ಮರ, ಕ್ಯಾರೆಟ್ಟಿನ ಮೂಗಿನ ಬಿಳಿ ಮನುಷ್ಯ. ಊರಲ್ಲಿ ಮಂಜು ಎಂದರೆ ಮುಂಜಾನೆ ಗದ್ದೆಯ ಮೇಲೆ ಹೊಗೆಯ ಹಾಗೆ ನಿಂತು ಸೂರ್ಯ ಬಂದೊಡನೆ ಎದ್ದು ಹೋಗುವ ವಸ್ತು ಎಂದು ಜಯರಾಜರು ಮೊಮ್ಮಗಳಿಗೆ ಹೇಳಬೇಕೆಂದುಕೊಂಡು, ಹೇಳದೆ ಬಿಟ್ಟಿದ್ದರು. ಇನ್ನು ‘ಬರ್ತದೆ’ ಎಂಬುದು. ಅವರ ಕಡೆಯ ಮಾತಿನಲ್ಲಿ ಮನೆಯ ಹೆಣ್ಣು ಸಲಿಗೆಯಲ್ಲಿ ‘ಅದು’ ಆಗುತ್ತದೆ. ಅದು ಬಂತು, ಅದು ಉಂಡಿತು, ಅದು ಮಲಗಿತು. ಮಂಜು ಬರ್ತದೆ ಎಂದರೆ ಅವರ ಹೆಂಡತಿ ಮಂಜುಳಾಕ್ಷಿ ಬರುತ್ತಾಳೆ. ಕಳೆದ ವರ್ಷ ಇದೇ ತಾರೀಕು, ಮಧ್ಯಾಹ್ನದ ಊಟಕ್ಕೆ ಎಲೆ ಒರೆಸುತ್ತಾ ಒರೆಸುತ್ತಾ ಗೋಡೆಗೆ ಒರಗಿ ಹೋದವಳು.

ಆಶ್ಚರ್ಯವೆಂದರೆ ಅವರು ಬದುಕಿದ್ದವಳನ್ನು ಒಮ್ಮೆಯೂ ಮಂಜು ಎಂದು ಕರೆದವರಲ್ಲ. ಅದು ಅವಳ ತವರಿನವರ ಹೆಸರು. ಮದುವೆಯಾದ ಹೊಸತರಲ್ಲಿ ಒಂದು ದಿನ ಬಾವಿಕಟ್ಟೆಯಲ್ಲಿ ಯಾರೂ ಇಲ್ಲವೆಂದು ಮೆಲ್ಲಗೆ “ಮಂಜು” ಎಂದಿದ್ದರು. ಅವಳು ತಿರುಗುವ ಮೊದಲೇ ದನದ ಹಟ್ಟಿಯ ಹಿಂದಿನಿಂದ ಅವರ ತಾಯಿಯ ನಗು ಕೇಳಿತ್ತು. “ಓಹೋ! ಮಂಜು ಅಂತೆ, ಮಂಜು!” ಸಂಜೆಯ ಹೊತ್ತಿಗೆ ಕೆಲಸದ ಆಳುಗಳು ಕೂಡ ಬಾಯಿಗೆ ಬಟ್ಟೆ ಅಡ್ಡ ಹಿಡಿದು ನಗುತ್ತಿದ್ದರು. ಆಮೇಲೆ ಅವಳು ಜೀವಮಾನವಿಡೀ ‘ಹೋಯ್’ ಆದಳು, ‘ಇಲ್ಲಿ ಕೇಳ್ತದಾ’ ಆದಳು, ‘ಶೈಲೇಶನ ಅಮ್ಮ’ ಆದಳು. ಅವಳೂ ಅದಕ್ಕೆಲ್ಲ ಓಗೊಟ್ಟಳು. ಆದರೆ ಹೋದವರನ್ನು ‘ಹೋಯ್’ ಎಂದರೆ ಯಾರು ಬರಬೇಕು? ಅವರಲ್ಲಿ ತೀರಿಹೋದವರಿಗೆ ಎಲೆ ಹಾಕಿ ಬಡಿಸಿ, ಬಾಗಿಲಲ್ಲಿ ನಿಂತು ಹೆಸರು ಹಿಡಿದು ಊಟಕ್ಕೆ ಕರೆದು, ಬಾಗಿಲು ಮುಚ್ಚಿ ಹೊರಗೆ ಕಾಯುವ ಪದ್ಧತಿ. ಮೊನ್ನೆ, ಹತ್ತು ದಿನದ ಹಿಂದೆ, ತಿಥಿಯ ಲೆಕ್ಕದಲ್ಲಿ ಮಗಳು ಊರಲ್ಲಿ, ಮೂಲ್ಕಿಯಲ್ಲಿ ವರ್ಷದ ಕೆಲಸವನ್ನೆಲ್ಲ ಮಾಡಿಸಿದಳು. ಇಲ್ಲಿ ಜಯರಾಜರು ಶುಭ್ರ ಪಂಚೆ ಉಟ್ಟು ಫೋನಿನ ಮುಂದೆ ಕೂತಿದ್ದರು. ಬಡಿಸಿ ಆಯಿತು. “ಅಪ್ಪಾ, ನೀವೊಮ್ಮೆ ಅಮ್ಮನನ್ನು ಕರೀರಿ,” ಎಂದಳು ಮಗಳು. ಫೋನಿನೊಳಗೆ ಅಳಿಯ, ಬೀಗರು, ಭಟ್ಟರು, ನೆರೆಯವರು, ಎಲ್ಲರೂ ಅವರ ಬಾಯನ್ನೇ ನೋಡಿದರು. ಅವರು ಗಂಟಲು ಸರಿಮಾಡಿಕೊಂಡರು. ಇನ್ನೊಮ್ಮೆ ಸರಿಮಾಡಿಕೊಂಡರು. ಅಷ್ಟರಲ್ಲಿ ಚಿತ್ರ ಅಲುಗಾಡದೆ ನಿಂತಿತು. ಮಗಳ ಬಾಯಿ ತೆರೆದದ್ದು ತೆರೆದ ಹಾಗೆ. “ಫ್ರೀಜ್ ಆಯ್ತು ಅಪ್ಪಾ, ನೆಟ್ ಸರಿ ಇಲ್ಲ,” ಎಂದ ಪಕ್ಕದಲ್ಲಿದ್ದ ಮಗ ಶೈಲೇಶ. ಮತ್ತೆ ಚಿತ್ರ ಬರುವಷ್ಟರಲ್ಲಿ ಬಾಗಿಲು ಮುಚ್ಚಿ ತೆರೆದು ಎಲ್ಲ ಮುಗಿದಿತ್ತು. ಚಿತ್ರ ನಿಂತಾಗ ತನಗೆ ಬೇಸರವಾಗಲಿಲ್ಲ, ಸಮಾಧಾನವಾಯಿತು ಎಂಬುದು ಅವರಿಗೆ ಮಾತ್ರ ಗೊತ್ತು. ಅಂದಿನಿಂದ ಅನ್ನದ ಮೊದಲ ತುತ್ತು ಗಂಟಲಲ್ಲಿ ನಿಲ್ಲುತ್ತಿತ್ತು. ಕರೆಯದವರ ಮನೆಗೆ ಅವಳು ಹೋಗುವವಳಲ್ಲ. ಬಾಗಿಲ ತನಕ ಬಂದು, ಸೆರಗು ಸರಿಮಾಡಿಕೊಂಡು, ಹಾಗೆಯೇ ಹಸಿದು ತಿರುಗಿ ಹೋಗಿರಬೇಕು. ತಿಥಿ ತಪ್ಪಿದರೂ ತಾರೀಕು ಇದೆಯಲ್ಲ ಎಂದು ದಿನಾ ಬೆಳಿಗ್ಗೆ ತುಳಸಿಯ ಮುಂದೆ ಅವರು ಆ ಎರಡಕ್ಷರವನ್ನು ಮಗ್ಗಿಯ ಹಾಗೆ ಅಭ್ಯಾಸ ಮಾಡುತ್ತಿದ್ದರು.

ಬೆಲ್ಲು ಹೊಡೆಯಿತು. ಎದುರು ಫ್ಲಾಟಿನ ನರ್ಸ್ ನೆಲ್ಲಿಯ ಮಗ ಶೆಲ್ಡನ್. ಅಶ್ಮಿತಾಳಿಗಿಂತ ಒಂದು ಕ್ಲಾಸು ಮುಂದೆ. ಆ ಒಂದು ಕ್ಲಾಸಿನ ಎಲ್ಲ ಜ್ಞಾನವೂ ಅವನ ಮುಖದಲ್ಲಿತ್ತು.

“ಅಜ್ಜಾ, ಸ್ನೋ ಎಷ್ಟು ಗಂಟೆಗೆ?”

“ಯಾರು ಹೇಳಿದ್ದು ನಿಂಗೆ?”

“ಅವಳು. ಬಸ್ಸಲ್ಲಿ ಎಲ್ಲರಿಗೂ ಹೇಳಿದ್ದಾಳೆ. ಡ್ರೈವರಿಗೂ. ಬಹ್ರೈನ್ ಈಸ್ ಡೆಸರ್ಟ್ ಅಂತ ನಾನು ಹೇಳಿದೆ. ಸ್ನೋ ನಮ್ಮ ಕ್ರಿಸ್‌ಮಸ್ ಕ್ರಿಬ್ಬಲ್ಲಿ ಮಾತ್ರ, ಅದೂ ಕಾಟನ್ನು. ಬರದಿದ್ರೆ ಸಂಡೇ ಬಸ್ಸಲ್ಲಿ ಎದ್ದು ನಿಂತು ಅವಳು ಹೇಳ್ಬೇಕು, ‘ಮೈ ಅಜ್ಜ ಈಸ್ ಎ ಲಯರ್’ ಅಂತ. ಪ್ರಾಮಿಸ್ ಮಾಡಿದ್ದಾಳೆ.”

“ಬಂದ್ರೆ ನೀನೆಂತ ಹೇಳೂದು?” ಎಂದಳು ಅಶ್ಮಿತಾ.

“ಬರೂದಿಲ್ಲ.”

“ನಮ್ಮ ಅಜ್ಜ ಸುಳ್ಳು ಹೇಳೂದಿಲ್ಲ. ಅವರು ದೇವರ ಮಣಿ ಎಣಿಸ್ತಾರೆ.”

ಅಡುಗೆಮನೆಯಿಂದ ಸೊಸೆ ಅನಿಷಾ ಕೈಯಲ್ಲಿ ಹುಣಸೆ ಹಿಂಡುತ್ತಲೇ ಇಣುಕಿದಳು. ಸೋಫಾದಲ್ಲಿ ಅಡ್ಡಬಿದ್ದಿದ್ದ ಶೈಲೇಶ ಫೋನಿನಿಂದ ತಲೆಯೆತ್ತಿದ. ವಾರವಿಡೀ ಡಿಪ್ಲೊಮ್ಯಾಟಿಕ್ ಏರಿಯಾದ ಬ್ಯಾಂಕಿನಲ್ಲಿ ಕುತ್ತಿಗೆಪಟ್ಟಿ ಬಿಗಿದು ಕೂರುವವನು, ವಾರದ ರಜೆ ಸುರುವಾಗುವ ಶುಕ್ರವಾರ ಲುಂಗಿಯಲ್ಲಿ ಮನುಷ್ಯನಾಗುತ್ತಾನೆ.

“ಅಪ್ಪಾ, ನೀವು ಅವಳಿಗೆ ಸ್ನೋ ಬರ್ತದೆ ಅಂತ ಹೇಳಿದ್ದಾ?”

“ಹಾಗಲ್ಲ, ನಾನು ಹೇಳಿದ್ದು...”

“ಬೆಳಿಗ್ಗೆ ಬೆಳಿಗ್ಗೆ ತುಳಸಿ ಹತ್ರ ಮಾತಾಡ್ತಾರೆ ಅಂತ ನಾನು ಹೇಳಿದ್ದಲ್ವಾ,” ಎಂದು ಅನಿಷಾ ಗಂಡನಿಗೆ ತಗ್ಗಿದ ಸ್ವರದಲ್ಲಿ ಹೇಳಿದಳು. ತಗ್ಗಿದ ಸ್ವರವೇ ಮನೆಯಲ್ಲೆಲ್ಲ ಸರಿಯಾಗಿ ಕೇಳಿಸುತ್ತದೆ. ಮಗ ಸೊಸೆಯ ಮುಖ ನೋಡಿದ, ಸೊಸೆ ಮಗನ ಮುಖ ನೋಡಿದಳು. ಕೆಟ್ಟ ನೋಟವಲ್ಲ. ಮಗುವಿಗೆ ಜ್ವರವಿದೆಯೇ ಎಂದು ಹಣೆ ಮುಟ್ಟಿ ನೋಡುವ ಮೊದಲಿನ ನೋಟ, ಅಷ್ಟೇ. ಜಯರಾಜರು ಆ ನೋಟವನ್ನು ತಮ್ಮ ತಂದೆಯ ಕೊನೆಗಾಲದಲ್ಲಿ ಮಂಜುಳಾಕ್ಷಿಯೊಂದಿಗೆ ಎಷ್ಟೋ ಸಲ ಹಂಚಿಕೊಂಡಿದ್ದರು. ಅದು ಈ ಕಡೆಯಿಂದ ಹೇಗೆ ಕಾಣುತ್ತದೆಂದು ಈಗ ತಿಳಿಯಿತು.

“ಗಾಳಿ ಸ್ವಲ್ಪ ತಿಂದು ಬರ್ತೇನೆ,” ಎಂದು ಬಟ್ಟೆಚೀಲ ಹಿಡಿದು ಹೊರಟರು.

ಇಲ್ಲಿ ಬೀದಿಬದಿಯ ಸಣ್ಣ ದಿನಸಿ ಅಂಗಡಿಗೆ ಕೋಲ್ಡ್ ಸ್ಟೋರ್ ಎನ್ನುತ್ತಾರೆ, ಅಲ್ಲಿ ಸೂಜಿ ಸಿಕ್ಕಿದರೂ. ಓಣಿಯ ಮೂಲೆಯ ಕೋಲ್ಡ್ ಸ್ಟೋರು ಉಳ್ಳಾಲ ಕಡೆಯ ಹುಸೈನಬ್ಬನದು. ಗಲ್ಲಾದ ಹಿಂದೆ ಮಫ್ಲರ್ ಸುತ್ತಿಕೊಂಡು ಕೂತಿದ್ದ ಅವನು ಇವರನ್ನು ಕಂಡು ಎದ್ದ.

“ಬನ್ನಿ ಜಯರಾಜಣ್ಣ! ಎಂತ ಚಳಿ ಮಾರಾಯ್ರೆ. ಹೀಟರ್ ಬೇಕಾ?”

“ಬಾಳೆಎಲೆ ಉಂಟಾ?”

“ಉಂಟು ಉಂಟು. ಎಂತ, ಇವತ್ತು ಊಟ ಜೋರಾ? ನೆಂಟರಾ?”

ಜಯರಾಜರು, “ಹೌದು. ಒಬ್ಬರು,” ಎಂದರು. ಆಮೇಲೆ, ಯಾಕೆ ಬಾಯಿಂದ ಬಂತೋ, “ಹುಸೈನಬ್ಬಾ, ಹಿಮ ಅಂದ್ರೆ... ಈ ಸ್ನೋ ಅಂತಾರಲ್ಲ, ಅದು ಎಲ್ಲಿಯಾದರೂ ಸಿಗ್ತದಾ? ಮಕ್ಕಳಿಗೆ.”

ಹುಸೈನಬ್ಬ ನಗಲಿಲ್ಲ. ವ್ಯಾಪಾರಿಗೆ ಯಾವ ಬೇಡಿಕೆಯೂ ನಗುವಂತಹದಲ್ಲ. “ಎಲ್ಲಿಯಾದರೂ ಎಂತಕ್ಕೆ? ಇಲ್ಲೇ ಉಂಟಲ್ಲ!” ಎಂದು ಐಸ್‌ಕ್ರೀಮಿನ ಪೆಟ್ಟಿಗೆಯ ಮುಚ್ಚಳ ಸರಿಸಿ, ಒಳಗೋಡೆಗೆ ದಪ್ಪನೆ ಕಟ್ಟಿದ್ದ ಬಿಳಿ ಪದರವನ್ನು ತೋರಿಸಿದ. “ತಿಂಗಳಿಂದ ಕೆರೆದು ತೆಗೀಬೇಕೂಂತ ಇದ್ದೇನೆ. ನನಗೂ ಕೆಲಸ ಆಯ್ತು, ನಿಮಗೂ ಸ್ನೋ ಆಯ್ತು.” ಸಕ್ಕರೆಯ ಚಮಚದಿಂದ ಕರಕರ ಕೆರೆದು ಪ್ಲಾಸ್ಟಿಕ್ ಚೀಲ ತುಂಬಿಸಿ ಗಂಟು ಹಾಕಿ ಕೊಟ್ಟ. “ಓಡಿ ಅಣ್ಣ, ಈ ಸಾಮಾನಿಗೆ ಗ್ಯಾರಂಟಿ ಇಲ್ಲ.”

ಜಯರಾಜರು ಓಡಲಿಲ್ಲ, ಆದರೆ ಅವರ ನಡಿಗೆ ನೋಡಿದ ಬೆಕ್ಕು ಕಾರಿನ ಮೇಲಿಂದ ಎದ್ದು ನಿಂತಿತು. ಒಂದೇ ಬಟ್ಟೆಚೀಲದಲ್ಲಿ ಅವಳಿಗೆ ಎಲೆ, ಮಗುವಿಗೆ ಮೋಸ. ಬಾಲ್ಕನಿಯಲ್ಲಿ ತುಳಸಿಯ ಬುಡಕ್ಕೆ ಸುರಿದು, ‘ನೋಡು, ಬಂತು’ ಎಂದರೆ ಆಯಿತು. ಮಗುವಿನ ಮಾನ ಉಳಿಯುತ್ತದೆ, ತನ್ನ ಗುಟ್ಟೂ ಉಳಿಯುತ್ತದೆ. ದೇವರು ಇಷ್ಟು ಸಣ್ಣ ಸುಳ್ಳಿಗೆ ತಲೆ ಹಾಕುವುದಿಲ್ಲ ಎಂದುಕೊಂಡರು. ಎಂದುಕೊಂಡಂತೆಯೇ ತೊಡೆಯ ಮೇಲೆ ತಣ್ಣಗೆ ಏನೋ ಹರಿಯಿತು.

ಲಿಫ್ಟಿನಲ್ಲಿ ನೆಲ್ಲಿ ಇದ್ದಳು. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿ, ನರ್ಸಿನ ಬಟ್ಟೆಯ ಮೇಲೆ ಕೋಟು ಹಾಕಿಕೊಂಡು, ನಿಂತಲ್ಲೇ ತೂಗುತ್ತಿದ್ದವಳು ಕಣ್ಣು ಬಿಟ್ಟಳು.

“ಅಂಕಲ್, ನಿಮ್ಮ ಚೀಲದಿಂದ ನೀರು ಬೀಳ್ತಾ ಉಂಟು.”

“ಮೀನು,” ಎಂದರು ಜಯರಾಜರು.

“ಇಷ್ಟು ಕ್ಲೀನ್ ನೀರು ಬಿಡುವ ಮೀನು ಯಾವುದು? ನನಗೂ ಒಂದು ಕಿಲೋ ಹೇಳಿ.” ಆಮೇಲೆ ಅವರ ಪ್ಯಾಂಟಿನ ಕಡೆ ನೋಡಿ, ನರ್ಸುಗಳಿಗೆ ಅಭ್ಯಾಸವಾದ ಜಾಣ್ಮೆಯಿಂದ ಕಣ್ಣು ಬೇರೆ ಕಡೆ ತಿರುಗಿಸಿಕೊಂಡಳು. ಅವಳು ಏನು ತಿಳಿದುಕೊಂಡಳೆಂದು ಊಹಿಸಿ ಅವರ ಕಿವಿ ಬಿಸಿಯಾಯಿತು. ಇದು ಐಸು ಎಂದು ಹೇಳಬಹುದಿತ್ತು. ಆದರೆ ಮೀನು ಎಂದು ಆಗಿಹೋಗಿತ್ತು. ಮಂಜುಳಾಕ್ಷಿಯ ದಿನವೇ, ಅವಳಿಗಾಗಿ ಎಲೆ ಹಿಡಿದ ಕೈಯಿಂದಲೇ ಸುಳ್ಳು. ‘ಸುಳ್ಳು ಹೇಳ್ಲಿಕ್ಕೆ ಬರೂದಿಲ್ಲ ನಿಮಗೆ, ಯಾಕೆ ಸುಮ್ಮನೆ ಕಷ್ಟಪಡ್ತೀರಿ’ ಎಂದು ಅವಳು ಹೇಳುತ್ತಿದ್ದದ್ದು ಲಿಫ್ಟಿನ ಕನ್ನಡಿಯೊಳಗಿಂದ ಕೇಳಿದಂತಾಯಿತು. ನಗುವೂ ಬಂತು. ಇಂತಹ ಹೊತ್ತಿನಲ್ಲಿ ಯಾಕೆ ನಗು ಬರಬೇಕೋ.

ಮನೆಯೊಳಗೆ ಬಂದು ನೋಡಿದರೆ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಲೋಟದಷ್ಟು ನೀರು. ಅಶ್ಮಿತಾ ಟೋಪಿಯೊಳಗೆ ಬೆವರುತ್ತಾ ಕಿಟಕಿಯಲ್ಲೇ ನಿಂತಿದ್ದಳು. ಶೆಲ್ಡನ್ ಸೋಫಾದಲ್ಲಿ ಕೂತು ಗೆದ್ದವರ ಸೌಜನ್ಯದಿಂದ ದೀಕ್ಷಿತನಿಗೆ ಬಿಸ್ಕತ್ತು ಎತ್ತಿ ಕೊಡುತ್ತಿದ್ದ. ಅವಳು ತಿರುಗಿ ನೋಡಲಿಲ್ಲ. ಅವಳ ಕುತ್ತಿಗೆಯ ಹಿಂಭಾಗ ಕಂಡೇ ಅಳು ಎಷ್ಟು ದೂರದಲ್ಲಿದೆಯೆಂದು ತಿಳಿಯುತ್ತಿತ್ತು. ಅಜ್ಜಿಯದೇ ಕುತ್ತಿಗೆ. ಬಾವಿಕಟ್ಟೆಯಲ್ಲಿ ಅತ್ತೆಯ ನಗು ಕೇಳಿದಾಗ ಅವಳೂ ಹೀಗೆಯೇ, ತಿರುಗದೆ, ಕೊಡಪಾನದ ಕಡೆ ನೋಡುತ್ತಾ ನಿಂತಿದ್ದಳು. ಅಂದು ಅವಳನ್ನು ಹಾಗೆಯೇ ಬಿಟ್ಟು ತಾನು ಗದ್ದೆಯ ಕಡೆ ನಡೆದಿದ್ದೆ ಎಂಬುದು ಜಯರಾಜರಿಗೆ ಇಷ್ಟು ವರ್ಷ ನೆನಪೇ ಇರಲಿಲ್ಲ.

ಅವರು ಅಡುಗೆಮನೆಯ ಬಾಗಿಲಿಗೆ ಹೋದರು.

“ಅನಿಷಾ, ಇವತ್ತು ಒಂದು ಎಲೆ ಹೆಚ್ಚು ಬಡಿಸ್ಲಿಕ್ಕೆ ಆಗ್ತದಾ?”

“ಯಾರು ಬರ್ತಾರೆ ಮಾವ?”

“ಮಂಜು!” ಎಂದು ಕಿಟಕಿಯಿಂದ ಅಶ್ಮಿತಾ ಕೂಗಿದಳು, ಕೊನೆಯ ಆಸೆಯಿಂದ.

“ಹೌದು,” ಎಂದರು ಜಯರಾಜರು. “ಮಂಜು. ನಿನ್ನ ಅತ್ತೆ.”

ಅನಿಷಾ ಒಲೆಯ ಮೇಲೆ ಕೊತಕೊತ ಎನ್ನುತ್ತಿದ್ದ ಬಂಗುಡೆ ಮೀನಿನ ಪುಳಿಮುಂಚಿ ಸಾರಿನ ಉರಿ ತಗ್ಗಿಸಿದಳು. ಶೈಲೇಶ ಎದ್ದು ಬಂದ. ಲುಂಗಿಯ ಗಂಟು ಹಿಡಿದುಕೊಂಡು ಅಪ್ಪನ ಮುಂದೆ ನಿಂತ.

“ಅಮ್ಮನನ್ನು ನೀವು ಮಂಜು ಅಂತ ಕರೀತಿದ್ರಾ? ನಾನು ಕೇಳಿಯೇ ಇಲ್ಲ.”

“ಕರೀಲಿಲ್ಲ. ಅದೇ.”

“ಎಂತ ಅದೇ?”

“ಕರೀಲೇ ಇಲ್ಲ ಮಾರಾಯ. ಮೊನ್ನೆ ಕೂಡ ಕರೀಲಿಲ್ಲ. ಫೋನು ನಿಂತದ್ದಲ್ಲ, ನಾನೇ ನಿಂತದ್ದು. ಇವತ್ತು ತಾರೀಕು ಅಲ್ವಾ? ಒಮ್ಮೆ ಕರೆಯುವಾ ಅಂತ.”

ಶೈಲೇಶ ಗೋಡೆಯ ಕ್ಯಾಲೆಂಡರು ನೋಡಿದ. ನೋಡಿದ ಮೇಲೆ ಬಹಳ ಹೊತ್ತು ಅದರಿಂದ ಕಣ್ಣು ತೆಗೆಯಲಿಲ್ಲ. ಅನಿಷಾ ಮಾವನ ಕೈಯಿಂದ ಒದ್ದೆ ಎಲೆಯನ್ನು ತೆಗೆದುಕೊಂಡು, “ತೊಳೆದೇ ತಂದಿದ್ದೀರಲ್ಲ ಮಾವ,” ಎಂದು ಅಡುಗೆಮನೆಯ ನೆಲ ಒರೆಸಿ ಹಾಕಿದಳು. ಕುಚ್ಚಲಕ್ಕಿ ಅನ್ನ ಆಗಷ್ಟೇ ಗಂಜಿ ಬಾಗಿಸಿಟ್ಟದ್ದು, ಹೊಗೆಯಾಡುತ್ತಿತ್ತು. ಬಂಗುಡೆ, ಬಸಳೆ, ಹಪ್ಪಳ. ಬಸಳೆಯ ದಂಟು ಮಾತ್ರ ಆರಿಸಿ ಬಡಿಸಿದಳು. ಅತ್ತೆಗೆ ಎಲೆಗಿಂತ ದಂಟು ಇಷ್ಟವೆಂದು ಅವಳಿಗೆ ನೆನಪಿತ್ತು. ಜಯರಾಜರು ಒಂದು ದೀಪ ಹಚ್ಚಿಟ್ಟರು. ಶೈಲೇಶ ಕೈಚಾಚಿ ಎಕ್ಸಾಸ್ಟ್ ಫ್ಯಾನು ಆರಿಸಿದ. “ಆ ಫ್ಯಾನಿನ ಗಲಾಟೆ ಅಮ್ಮನಿಗೆ ಆಗ್ತಿರಲಿಲ್ಲ. ಒಂದು ಸಲ ಇಲ್ಲಿಗೆ ಬಂದಾಗ ವಿಮಾನ ಮನೆಯೊಳಗೇ ಉಂಟು ಅಂತಿದ್ದರು,” ಎಂದ. ಅವನ ಸ್ವರ ಸಣ್ಣ ಮಗುವಿನದಾಗಿತ್ತು.

ಎಲ್ಲರೂ ಹೊರಗೆ ಬಂದು ಅಡುಗೆಮನೆಯ ಬಾಗಿಲ ಮುಂದೆ ಗುಂಪಾಗಿ ನಿಂತರು. ಮಗ, ಸೊಸೆ, ಎರಡು ಮೂಟೆಗಳು; ಎಲ್ಲರಿಗಿಂತ ಹಿಂದೆ, ಹೋಗಬೇಕೋ ನಿಲ್ಲಬೇಕೋ ತಿಳಿಯದೆ ಶೆಲ್ಡನ್. ಎಲ್ಲರೂ ಜಯರಾಜರ ಬಾಯನ್ನೇ ನೋಡಿದರು. ಅವರು ಗಂಟಲು ಸರಿಮಾಡಿಕೊಂಡರು. ಇನ್ನೊಮ್ಮೆ ಸರಿಮಾಡಿಕೊಂಡರು. ಹಟ್ಟಿಯ ಹಿಂದೆ ಯಾರೋ ನಗಲು ಸಿದ್ಧರಾದರು. ಈ ಸಲ ಚಿತ್ರ ನಿಂತು ಪಾರುಮಾಡಲು ಮುಂದೆ ಯಾವ ಫೋನೂ ಇರಲಿಲ್ಲ.

ಸಾಕ್ಸಿನ ಕೈಯೊಂದು ಅವರ ಬೆರಳು ಹಿಡಿಯಿತು. “ಜೋರಾಗಿ ಕರೀರಿ ಅಜ್ಜ,” ಎಂದು ಅಶ್ಮಿತಾ ಪಿಸುಗುಟ್ಟಿದಳು. “ಅಜ್ಜಿಗೆ ಒಂದು ಕಿವಿ ಕೇಳ್ತಿರ್ಲಿಲ್ಲ ಅಲ್ವಾ.”

“ಮಂಜು!” ಎಂದರು ಜಯರಾಜರು.

ಅಷ್ಟು ಜೋರಾಗಿ ಬರುತ್ತದೆಂದು ಅವರಿಗೇ ಗೊತ್ತಿರಲಿಲ್ಲ. ಬಾಲ್ಕನಿಯಿಂದ ಪಾರಿವಾಳಗಳು ಹಾರಿದವು. “ಮಂಜು, ಬಾ. ಊಟಕ್ಕೆ ಬಾ.” ಯಾರೂ ನಗಲಿಲ್ಲ. ಅವರು ಬಾಗಿಲನ್ನು ಮೆಲ್ಲಗೆ ಎಳೆದು ಮುಚ್ಚಿದರು.

ಕಾದರು. ಅನಿಷಾ ಸೆರಗಿಲ್ಲದ ಉಡುಪಿನಲ್ಲೇ ಸೆರಗು ಹುಡುಕಿ, ಕೊನೆಗೆ ದುಪಟ್ಟಾದಿಂದ ಮೂಗೊರೆಸಿಕೊಂಡಳು.

“ಅಜ್ಜಿ ಹಪ್ಪಳ ತಿಂದಾಯ್ತಾ?” ಎಂದ ದೀಕ್ಷಿತ್.

“ಶ್ಶ್.”

“ನಂಗೂ ಹಪ್ಪಳ.”

“ಯು ಆರ್ ವೇಟಿಂಗ್ ಫಾರ್ ಹೂ?” ಎಂದು ಶೆಲ್ಡನ್ ಮೆಲ್ಲಗೆ ಕೇಳಿದ. “ಮೈ ಗ್ರ್ಯಾಂಡ್‌ಮದರ್,” ಎಂದಳು ಅಶ್ಮಿತಾ. “ಶೀ ಈಸ್ ಡೆಡ್. ಈಗ ಊಟ ಮಾಡ್ತಾ ಉಂಟು.” ಶೆಲ್ಡನ್ ಒಂದು ಕ್ಷಣ ಯೋಚಿಸಿ, ತನಗೆ ಗೊತ್ತಿದ್ದ ಪ್ರಕಾರ ಶಿಲುಬೆಯ ಗುರುತು ಮಾಡಿಕೊಂಡು, ಸರಿಯಾಗಿ ನೆಟ್ಟಗೆ ನಿಂತ.

ಜಯರಾಜರು ಒಮ್ಮೆ ಕೆಮ್ಮಿ, ಬಾಗಿಲು ತಟ್ಟಿ, ತೆರೆದರು.

ದೀಪ ಉರಿಯುತ್ತಿತ್ತು. ಎಲೆ ಎಲೆಯ ಹಾಗೆಯೇ ಇತ್ತು. ಆದರೆ ಅದರಾಚೆ ಅಡುಗೆಮನೆಯ ಕಿಟಕಿ ಇರಲಿಲ್ಲ. ಹೊರಗಿನ ಚಳಿಗೆ ತಣ್ಣಗಾಗಿದ್ದ ಗಾಜಿಗೆ ಮುಚ್ಚಿದ ಕೋಣೆಯ ಅನ್ನದ ಹಬೆಯೆಲ್ಲ ಹತ್ತಿ, ಟ್ಯಾಂಕಿಗಳು, ತಾರಸಿಗಳು, ಓಣಿ, ಬೆಕ್ಕು ಎಲ್ಲ ಅಳಿಸಿಹೋಗಿ, ಗಾಜು ಮೇಲಿನಿಂದ ಕೆಳಗಿನವರೆಗೆ ಬೆಳ್ಳಗೆ ನಿಂತಿತ್ತು. ಬೆಳಗಿನ ಗದ್ದೆಯ ಹಾಗೆ.

“ಮಂಜು ಬಂತು!” ಎಂದು ಕಿರುಚಿದಳು ಅಶ್ಮಿತಾ.

“ಇದು ಸ್ನೋ ಅಲ್ಲ,” ಎಂದ ಶೆಲ್ಡನ್, ಆದರೆ ಅವನ ಸ್ವರದಲ್ಲಿ ಮೊದಲಿನ ಧೈರ್ಯವಿರಲಿಲ್ಲ. “ಇದು ಸ್ಟೀಮ್.”

“ಸ್ನೋ ಅಂತ ನಮ್ಮ ಅಜ್ಜ ಹೇಳ್ಲೇ ಇಲ್ಲ. ಮಂಜು ಅಂತ ಹೇಳಿದ್ದು.” ಅವಳು ಸ್ಟೂಲು ಎಳೆದು ಹತ್ತಿ, ಕೈಯ ಸಾಕ್ಸು ಕಿತ್ತೆಸೆದು, ಒಂದು ಬೆರಳಿನಿಂದ ಗಾಜಿನ ಮೇಲೆ ಬರೆಯತೊಡಗಿದಳು. ನೀರಜಾಕ್ಷಿ ಟೀಚರ್ ಕಲಿಸಿದ ‘ಮ’, ಅದರ ಪಕ್ಕ ಸೊನ್ನೆ, ಆಮೇಲೆ ನಾಲಿಗೆ ಹೊರಗೆ ಹಾಕಿ ಬಹಳ ಕಷ್ಟಪಟ್ಟು ‘ಜು’. ಅಕ್ಷರಗಳ ಗೆರೆಯೊಳಗಿಂದ ಸೆಗಯಾದ ಬಿಸಿಲು ಕಾಣಿಸಿತು. ಶೆಲ್ಡನ್ ಕುತ್ತಿಗೆ ವಾರೆಮಾಡಿ ನೋಡಿದ. ಅವನಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಓದಲು ಬಾರದ್ದನ್ನು ಸುಳ್ಳು ಎನ್ನುವುದು ಅವನಿಗೆ ಆಗಲಿಲ್ಲ.

‘ಜು’ವಿನ ಬಾಲದಿಂದ ಒಂದು ಹನಿ ಇಳಿಯಿತು, ಅದರ ಹಿಂದೆ ಇನ್ನೊಂದು. ಅನಿಷಾ ಅಭ್ಯಾಸಬಲದಿಂದ ಒಲೆಯ ಬದಿಯ ಬಟ್ಟೆ ತೆಗೆದುಕೊಂಡು ಗಾಜಿನ ಕಡೆ ಕೈ ಎತ್ತಿದಳು.

“ಒರೆಸ್ಬೇಡ ಮಗಾ,” ಎಂದರು ಜಯರಾಜರು. “ಕೂತಿರಲಿ. ಹೋಗುವಾಗ ಅದೇ ಹೋಗ್ತದೆ.”